ತಳದ ಉಸುಕು

ನಮ್ಮ ಅಂಗಡಿಯ ಗಲ್ಲೆಯ ಹಿಂದಿನ ಗೋಡೆಗೆ ಒಂದು ಫೋಟೋ ಇತ್ತು. ಪತ್ರಿಕೆಯಲ್ಲಿ ಬಂದದ್ದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದೆ. ಅದರಲ್ಲಿ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೇನೆ. ಅಂಗಿ, ಧೋತರ ಎಲ್ಲ ತೊಯ್ದು ಮೈಗೆ ಅಂಟಿವೆ. ಎರಡೂ ಕೈಯಲ್ಲಿ ಗೋಪಮ್ಮ ಎಂಬ ಮುದುಕಿಯನ್ನು ಎತ್ತಿಕೊಂಡಿದ್ದೇನೆ. ಕೆಳಗೆ, ‘ಪ್ರವಾಹದಲ್ಲಿ ಈಜಿ ವೃದ್ಧೆಯ ಜೀವ ಉಳಿಸಿದ ವ್ಯಾಪಾರಿ’ ಎಂದು ಅಚ್ಚಾಗಿದೆ. ಹದಿನೈದು ವರ್ಷ ಆ ಫೋಟೋದ ಕೆಳಗೆ ಕೂತು ದೇವದುರ್ಗದ ರೈತರಿಗೆ ಬೀಜ, ಗೊಬ್ಬರ, ಹತ್ತಿಗೆ ಹೊಡೆಯುವ ಎಣ್ಣೆ ಮಾರಿದ್ದೇನೆ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅನ್ನುವುದೇ ರೂಢಿ.

ನನಗೆ ಈಜು ಬರುವುದಿಲ್ಲ.

ಬರೆಯಲು ಕೂತದ್ದು ನನ್ನ ಬಗ್ಗೆ ಅಲ್ಲ, ಪರಮಣ್ಣನ ಬಗ್ಗೆ. ಆದರೆ ನನ್ನ ಹೇಡಿತನ ಹೇಳದೆ ಅವನ ಕಥೆ ಮುಂದೆ ಸಾಗುವುದಿಲ್ಲ. ಹಾಗಾಗಿ ಓದುವವರು ನನ್ನನ್ನೂ ಸಹಿಸಿಕೊಳ್ಳಬೇಕು.

ಪರಮಣ್ಣ ಕೃಷ್ಣೆಯ ದಂಡೆಯ ಅಂಬಿಗರವನು. ಕುಳ್ಳ ಆಳು, ಅಗಲ ಎದೆ, ಬಾಯಿಬಿಟ್ಟ ಹಿಮ್ಮಡಿ. ಸೇತುವೆ ಆಗುವ ತನಕ ಹರಗೋಲು ಹಾಕಿ ಜನರನ್ನು, ಕುರಿಗಳನ್ನು, ಒಮ್ಮೊಮ್ಮೆ ಮದುವೆ ದಿಬ್ಬಣವನ್ನೇ ಆಚೆ ದಡಕ್ಕೆ ದಾಟಿಸುತ್ತಿದ್ದ. ಸೇತುವೆಯಾದ ಮೇಲೆ ಹರಗೋಲನ್ನು ಮನೆಯ ಹಿತ್ತಲಲ್ಲಿ ಬೋರಲು ಹಾಕಿ, ನನ್ನ ಅಂಗಡಿಗೆ ಹಮಾಲಿಯಾಗಿ ಬಂದ. ಯೂರಿಯಾ ಚೀಲ ಹೊರುವಾಗ ಬೇರೆ ಹಮಾಲರು ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾರೆ. ಇವನು ಉಸಿರು ಬಿಟ್ಟು ಬಿಟ್ಟು, ಮೈ ಹಗುರ ಮಾಡಿಕೊಂಡು, ಆಮೇಲೆ ಬಗ್ಗುತ್ತಿದ್ದ. ನೀರಿಗೆ ಇಳಿಯುವವರ ಅಭ್ಯಾಸವಂತೆ ಅದು. ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ನಾನು ಅವನನ್ನು ‘ಲೇ ಪರಮಣ್ಣ’ ಎಂದೇ ಕೂಗುತ್ತಿದ್ದೆ.

ಅವರ ಓಣಿಯಲ್ಲಿ ಒಂದು ಕಟ್ಟಳೆ ಇದೆ. ನೀರಿನಿಂದ ಮನುಷ್ಯನನ್ನು ಎತ್ತಿ ತಂದವನು ಅದನ್ನು ತನ್ನ ಬಾಯಿಂದ ಹೇಳಬಾರದು. ಹೇಳಿದರೆ ಹೊಳೆಯ ದೇವಿ ಗಂಗವ್ವ ತಾನು ಬಿಟ್ಟುಕೊಟ್ಟ ಜೀವವನ್ನು ವಾಪಸು ಕೇಳುತ್ತಾಳೆ ಎಂಬ ಭಯ. ಎತ್ತಿದವನು ದಂಡೆಗೆ ತಂದು ಬಿಟ್ಟು, ತಿರುಗಿ ನೋಡದೆ ಹೋಗುತ್ತಾನೆ. ಯಾರು ತೆಗೆದರು ಎಂದು ಯಾರಾದರೂ ಕೇಳಿದರೆ ‘ಗಂಗವ್ವ ಕೊಟ್ಟಳು’ ಅನ್ನುತ್ತಾರೆ, ಅಷ್ಟೆ.

ಆ ಹೊಳೆ ಉಕ್ಕಿ ಬಂದ ವರ್ಷ ಅವರ ಊರಿನಲ್ಲಿ ನನ್ನದೊಂದು ಸಣ್ಣ ಗೋದಾಮು ಇತ್ತು. ನಾನು ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿದ್ದು ಗೊಬ್ಬರದ ಚೀಲ ಉಳಿಸಿಕೊಳ್ಳಲು, ಜನರನ್ನಲ್ಲ. ಮಳೆಯಲ್ಲಿ ಚೀಲ ಹೇರಿಸುತ್ತ ತೊಯ್ದು ತೊಪ್ಪೆಯಾಗಿದ್ದೆ. ಆಗ ಪರಮಣ್ಣ, ಇನ್ನೂ ನನ್ನ ಅಂಗಡಿಗೆ ಬಂದಿರದವನು, ನಡುನೀರಿನಿಂದ ಗೋಪಮ್ಮನನ್ನು ಬೆನ್ನ ಮೇಲೆ ಹಾಕಿಕೊಂಡು ಈಜಿ ಬಂದ. ದಂಡೆಗೆ ಹತ್ತಿರ ನಿಂತಿದ್ದ ನನ್ನ ಕೈಗೆ, ಅರೆಎಚ್ಚರದಲ್ಲಿದ್ದ ಅವಳನ್ನು ಕೊಟ್ಟು, ಇನ್ನೊಬ್ಬರು ಬೇವಿನ ಮರ ಹಿಡಿದು ಕೂತಿದ್ದಾರೆಂದು ತಿರುಗಿ ಹೋದ. ಅದೇ ಹೊತ್ತಿಗೆ ತಾಲೂಕಿನ ಸಾಹೇಬರ ಜೀಪು ಬಂತು, ಜೊತೆಗೆ ಪತ್ರಿಕೆಯವನು. ಫೋಟೋ ಹೊಡೆದ. “ನೀವೇ ಏನ್ರಿ ತಂದವ್ರು?” ಎಂದು ಕೇಳಿದ. ನಾನು ಹೌದು ಅನ್ನಲಿಲ್ಲ, ದೇವರಾಣೆ. ಆದರೆ ಅಲ್ಲ ಎಂದೂ ಅನ್ನಲಿಲ್ಲ.

ಆಮೇಲೆ ಶಾಲು ಹೊದಿಸಿದರು. ಪರಮಣ್ಣ ಜನರ ನಡುವೆ ನಿಂತು ಚಪ್ಪಾಳೆ ತಟ್ಟಿದ. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ವರ್ಷ ಕಳೆದಂತೆ ಆ ಈಜಿನ ವರ್ಣನೆ ನನ್ನ ಬಾಯಲ್ಲಿ ಬೆಳೆಯುತ್ತ ಹೋಯಿತು. ಸುಳಿ ಬಂತು, ಹಾವು ಬಂತು. ಅಂಗಡಿಗೆ ಬಂದವರಿಗೆ ನಾನು ಅದನ್ನು ಹೇಳುವಾಗ ಪರಮಣ್ಣ ಪಕ್ಕದಲ್ಲೇ ಚೀಲ ಒಟ್ಟುತ್ತಿದ್ದ. ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಅವನು ಹೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ನನ್ನ ಮರ್ಯಾದೆ ನಿಂತಿತ್ತು.

ಹೋದ ವರ್ಷ ಎಣ್ಣೆ ಕಂಪನಿಯವರು, ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಅಂಡಮಾನಿಗೆ ಪ್ರವಾಸ ಕರೆದೊಯ್ಯುತ್ತೇವೆ ಎಂದರು. ಪ್ರತಿಯೊಬ್ಬರೂ ಜೊತೆಗೆ ಇನ್ನೊಬ್ಬರನ್ನು ಕರೆತರಬಹುದಿತ್ತು. ರಾಯಚೂರು, ಮಾನ್ವಿ, ದೇವದುರ್ಗ ಸೇರಿ ಹತ್ತು ಹನ್ನೆರಡು ಅಂಗಡಿಗಳವರು. ನನ್ನ ಹೆಂಡತಿ ಶರಣಮ್ಮ ಬರಲು ಒಪ್ಪಲಿಲ್ಲ. “ಸಮುದ್ರ ಟೀವ್ಯಾಗ ನೋಡೀನಿ, ಸಾಕು. ಅಲ್ರೀ, ತೊಟ್ಟ್ಯಾಗ ತಂಬಗಿ ಬಿದ್ರ ತಗ್ಯಾಕ ಹೆದರೋರು ನೀವು, ಅಲ್ಲಿ ಹೋಗಿ ಏನ್ ಮಾಡ್ತೀರಿ?” ಎಂದು ನಕ್ಕಳು. ಮನೆಯಲ್ಲಿ ಅವಳಿಗೊಬ್ಬಳಿಗೇ ನನ್ನ ಹಣೆಬರಹ ಗೊತ್ತು.

ಅದಕ್ಕೇ ಪರಮಣ್ಣನನ್ನು ಜೊತೆಗೆ ಕರೆದುಕೊಂಡೆ. ಹಡಗು, ದೋಣಿ ಅಂದರೆ ನನಗೆ ಎದೆ ಡವಡವ. ಅವನು ಪಕ್ಕದಲ್ಲಿದ್ದರೆ ಸರಿ ಅನ್ನಿಸಿತು. ಬೇರೆಯವರ ಮುಂದೆ ಮಾತ್ರ, ‘ಪಾಪ, ಬಡವ, ವಿಮಾನ ನೋಡಲಿ’ ಎಂದು ಹೇಳಿದೆ. ಎಲ್ಲರೂ ನನ್ನ ದೊಡ್ಡ ಗುಣವನ್ನು ಹೊಗಳಿದರು. ಮಾನ್ವಿಯ ಬೀಜದ ಅಂಗಡಿಯ ಮೀರಾಹುಸೇನ, “ಬಸಣ್ಣ, ನಿಮ್ಮಂಥಾ ಸಾವ್ಕಾರ್ರು ಸಿಗಂಗಿಲ್ಲ ಬಿಡ್ರಿ” ಅಂದ. ನಾನು ಅದನ್ನೂ ಜೇಬಿಗೆ ಹಾಕಿಕೊಂಡೆ.

ಪರಮಣ್ಣನಿಗೆ ಒಂದೇ ಆಸೆ. ವಿಮಾನದಲ್ಲಿ ಕಿಟಕಿಯಿಂದ ಕೆಳಗೆ ನೋಡುತ್ತ ಕೇಳಿದ: “ಸಾವ್ಕಾರ್ರ, ಸಮುದ್ರದ ತಳದಾಗೂ ಉಸುಕ ಇರ್ತದೇನ್ರಿ? ಇದ್ರ ಒಂದ್ ಮುಷ್ಟಿ ತರ್ತೀನಿ.”

ಅವನು ಕೇಳಿದ್ದಕ್ಕೆ ಕಾರಣವಿತ್ತು. ಮುಂಗಾರಿನಲ್ಲಿ ಕೃಷ್ಣೆಗೆ ಹೊಸ ನೀರು ಬಂದಾಗ ಅವರ ಓಣಿಯವರು ಗಂಗವ್ವನ ಪೂಜೆ ಮಾಡುತ್ತಾರೆ. ಒಬ್ಬ ಹರಗೋಲಿನಲ್ಲಿ ನಡುಹೊಳೆಗೆ ಹೋಗಿ, ಮುಳುಗಿ, ತಳದ ಉಸುಕು ಒಂದು ಮುಷ್ಟಿ ತಂದು ಬುಟ್ಟಿಗೆ ಹಾಕಬೇಕು. ಆ ಉಸುಕನ್ನು ಗಂಗವ್ವನ ಕಲ್ಲಿನ ಮುಂದೆ ಸುರಿದ ಮೇಲೆಯೇ ಆ ವರ್ಷ ಯಾರಾದರೂ ನೀರಿಗೆ ಬಲೆ ಬಿಡುವುದು. ಓಣಿಯಲ್ಲಿ ನೀರಿಗೆ ಅಂಜದವನು ಯಾರೋ ಅವನಿಗೇ ಆ ಬುಟ್ಟಿ. ಮೂವತ್ತು ವರ್ಷದಿಂದ ಅದು ಪರಮಣ್ಣನ ಕೈಯಲ್ಲಿತ್ತು. ಹೊಲವಿಲ್ಲ, ಅಂಗಡಿಯಿಲ್ಲ. ಅವನಿಗೆ ಇದ್ದದ್ದು ಅದೊಂದೇ.

ದ್ವೀಪದಲ್ಲಿ ಎರಡನೇ ದಿನ ಬೆಳಿಗ್ಗೆ ನಮ್ಮನ್ನು ನೀರೊಳಗಿನ ಸ್ಕೂಟರ್ ಆಟಕ್ಕೆ ಕರೆದೊಯ್ದರು. ಸ್ಕೂಟರ್ ಅಂದರೆ ಗಾಲಿ ಇರುವುದಲ್ಲ. ಟೇಬಲ್ ಫ್ಯಾನಿನಷ್ಟು ದೊಡ್ಡದು, ಒಳಗೆ ಪಂಕ, ಎರಡು ಹಿಡಿಕೆ. ಹಿಡಿಕೆಯಲ್ಲಿ ಒಂದು ಒತ್ತುಗುಂಡಿ. ಅದನ್ನು ಒತ್ತಿ ಹಿಡಿದರೆ ಯಂತ್ರ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೂಗು ಮುಚ್ಚುವ ಕನ್ನಡಕ, ಬಾಯಿಗೆ ಉಸಿರಾಟದ ಕೊಳವೆ, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರ್ ಚಪ್ಪಲಿ. ಗೈಡ್ ಒಬ್ಬಳು ಹುಡುಗಿ, ಬಿಸಿಲಿಗೆ ಕಪ್ಪಾಗಿದ್ದಳು, ಚುರುಕು. ದೋಣಿಯಲ್ಲಿ ಹಿಂದಿಯಲ್ಲಿ ಎಲ್ಲ ತಿಳಿಸಿದಳು. ನಿಜಾಮರ ಕಾಲದ ಪುಣ್ಯದಿಂದ ನಮಗೆಲ್ಲ ಅಷ್ಟು ಹಿಂದಿ ಬರುತ್ತದೆ.

ಈಜು ಬರದವರು ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಮೇಲೆ ಮೇಲೆ ತೇಲುತ್ತ ಹೋಗಬೇಕು, ಚೆನ್ನಾಗಿ ಬರುವವರು ಜಾಕೀಟಿಲ್ಲದೆ ಸ್ವಲ್ಪ ಕೆಳಗಿಳಿದು ಹವಳದ ಹತ್ತಿರ ಹೋಗಬಹುದು, ಅಂದಳು. “ಯಾರಿಗೆ ಚೆನ್ನಾಗಿ ಬರುತ್ತದೆ?” ಎಂದು ಕೇಳಿದಳು.

ಮೀರಾಹುಸೇನ ನನ್ನ ಕೈ ಹಿಡಿದು ಮೇಲೆತ್ತಿದ. “ಇವ್ರಿಗಿ ಜಾಕೀಟು ಕೊಟ್ರ ಜಾಕೀಟಿಗಿ ಅವಮಾನ! ಹೊಳ್ಯಾಗ ಈಜಿ ಮುದುಕಿನ್ನ ತಂದ ಮನಷ್ಯಾರು. ಪೇಪರನ್ಯಾಗ ಬಂದದ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಗೈಡ್ ಎರಡು ಸಲ ಕೇಳಿದಳು. ಇನ್ನೂ ಹೊತ್ತು ಮೀರಿರಲಿಲ್ಲ. ‘ವಯಸ್ಸಾಯಿತು, ಜಾಕೀಟು ಕೊಡವ್ವ’ ಎಂದಿದ್ದರೆ ಮುಗಿಯುತ್ತಿತ್ತು. ಪರಮಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಎದುರಿಗೆ ಹಿಂದೆ ಸರಿಯಲೂ ನಾಚಿಕೆ, ಮುಂದೆ ಹೋಗಲೂ ಭಯ. ‘ಈಜು ಬರುತ್ತದೆ’ ಎಂದಿದ್ದ ಕಾಗದಕ್ಕೆ ಸಹಿ ಹಾಕಿದೆ.

ಪರಮಣ್ಣನಿಗೆ ವಯಸ್ಸು ನೋಡಿ ಗೈಡ್ ತಾನೇ ಜಾಕೀಟು ಕಟ್ಟಿದಳು. ಅವನು ಏನೂ ಅನ್ನದೆ ಕಟ್ಟಿಸಿಕೊಂಡ. ಆದರೆ ರಬ್ಬರ್ ಚಪ್ಪಲಿಯನ್ನು ಮಾತ್ರ ಬಿಚ್ಚಿ ದೋಣಿಯ ಮೂಲೆಗೆ ಇಟ್ಟ. “ಗಂಗವ್ವನ ಮ್ಯಾಗ ಚಪ್ಪಲಿ ಕಾಲ್ಲೆ ಹೋಗಬಾರದ್ರಿ” ಅಂದ. ಇಳಿಯುವ ಮೊದಲು ಒಂದು ಬೊಗಸೆ ಸಮುದ್ರವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ.

ಮೊದಲ ಎರಡು ನಿಮಿಷ ಚೆನ್ನಾಗಿಯೇ ಇತ್ತು. ಗುಂಡಿ ಮೆಲ್ಲಗೆ ಒತ್ತಿದರೆ ಯಂತ್ರ ಗುಂಯ್ ಅಂದು ಎಳೆಯುತ್ತಿತ್ತು. ಕೆಳಗೆ ಹಳದಿ ಮೀನು, ನೀಲಿ ಮೀನು, ಗುಂಪು ಗುಂಪು. ಕಲ್ಲಿನಂಥ ಹವಳ, ಅದರ ನಡುವೆ ಬಿಳಿ ಉಸುಕು. ನನ್ನಂಥವನಿಗೂ ‘ಅಯ್ಯೋ ಎಷ್ಟು ಚೆಂದ’ ಅನ್ನಿಸಿತು. ಗೈಡ್, ಮೀರಾಹುಸೇನ, ಇನ್ನಿಬ್ಬರು ಮುಂದೆ ಹೋದರು. ಪರಮಣ್ಣ ನನ್ನ ಹಿಂದೆ ಇದ್ದ.

ಒಂದು ಅಲೆ ಬಂದು ಕೊಳವೆಯೊಳಗೆ ಉಪ್ಪುನೀರು ಇಳಿಯಿತು. ಹೆದರಿದೆ. ಹೆದರಿದವನು ಕೈಯಲ್ಲಿದ್ದುದನ್ನು ಬಿಗಿಯಾಗಿ ಹಿಡಿಯುತ್ತಾನೆ, ನಾನೂ ಹಿಡಿದೆ. ಆ ಯಂತ್ರಕ್ಕೆ ಅದೊಂದೇ ಗೊತ್ತು, ಬಿಗಿ ಹಿಡಿದರೆ ಓಡುವುದು. ಮೂತಿ ಕೆಳಗಾಗಿ ನನ್ನನ್ನು ತಳದ ಕಡೆಗೆ ಎಳೆದುಕೊಂಡು ಹೋಯಿತು. ನಾನು ಇನ್ನೂ ಹೆದರಿ ಇನ್ನೂ ಬಿಗಿ ಹಿಡಿದೆ. ಬಿಟ್ಟುಬಿಟ್ಟರೆ ನಿಲ್ಲುತ್ತದೆ ಎಂದು ಅರ್ಧ ಗಂಟೆಯ ಹಿಂದೆಯೇ ಹೇಳಿದ್ದರು, ಆದರೆ ಬೆರಳುಗಳಿಗೆ ಅದು ನೆನಪಾಗಲಿಲ್ಲ. ಎರಡಾಳು ಆಳಕ್ಕೆ ಹೋಗಿರಬೇಕು. ಕಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಶರಣಮ್ಮನ ತಂಬಿಗೆ ನೆನಪಾಯಿತು.

ಆಗ ಒಂದು ಒರಟು ಕೈ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು. ಅವಸರವೇ ಇಲ್ಲ ಆ ಕೈಗೆ. ಚೀಲದ ಬಾಯಿ ದಾರ ಬಿಚ್ಚುವಾಗ ಹೇಗೋ ಹಾಗೆ. ಯಂತ್ರ ನಿಂತಿತು. ಪರಮಣ್ಣ ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಮೇಲೆ ತಂದ.

ಜಾಕೀಟು ಇದ್ದರೆ ಮುಳುಗಲು ಆಗುವುದಿಲ್ಲವಲ್ಲ, ಅದನ್ನು ಕಳಚಿ ಬಿಟ್ಟು ಇಳಿದಿದ್ದ. ಈಗ ತೇಲುತ್ತಿದ್ದ ಜಾಕೀಟನ್ನು ಹಿಡಿದು ನನ್ನ ಎದೆಯ ಕೆಳಗೆ ತುರುಕಿದ. ಗೈಡ್, ಉಳಿದವರು ಬಂದಾಗ ಕಂಡದ್ದು ಇದು: ನಾನು ಜಾಕೀಟು ಹಿಡಿದುಕೊಂಡಿದ್ದೇನೆ, ಜಾಕೀಟಿಲ್ಲದ ಪರಮಣ್ಣ ನನ್ನ ತೋಳಿಗೆ ಅಂಟಿಕೊಂಡಿದ್ದಾನೆ.

“ಏನಾತು?” ಎಂದು ಮೀರಾಹುಸೇನ ಕೂಗಿದ.

ನಾನು ಕೆಮ್ಮುತ್ತಿದ್ದೆ. ಪರಮಣ್ಣ ಹೇಳಿದ: “ನಾ ಗಾಬರ್ಯಾದ್ನ್ರಿ. ಜಾಕೀಟು ಕಳಚಿಬಿಟ್ಟೆ. ಸಾವ್ಕಾರ್ರು ಹಿಡಕೊಂಡ್ರು.”

ದೋಣಿಯಲ್ಲಿ ಗೈಡ್ ಅವನನ್ನು ಚೆನ್ನಾಗಿ ಬೈದಳು. ಚಪ್ಪಲಿ ಬಿಚ್ಚಿದ್ದಕ್ಕೂ ಬೈದಳು, ಜಾಕೀಟು ಕಳಚಿದ್ದಕ್ಕೂ ಬೈದಳು. ಅವನು ತಲೆ ತಗ್ಗಿಸಿ ಕೂತ. ಆಮೇಲೆ ಅವಳು ನನ್ನ ಹತ್ತಿರ ಬಂದು ಟವೆಲ್ ಕೊಡುತ್ತ, ಯಾರಿಗೂ ಕೇಳದಂತೆ ಹಿಂದಿಯಲ್ಲಿ ಅಂದಳು: “ನೀರು ಕುಡಿದಿರುವುದು ನೀವು, ಅವರಲ್ಲ.” ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡೆ.

ಸಂಜೆ ಹೋಟೆಲಿನಲ್ಲಿ ಊಟವಾದ ಮೇಲೆ ಮೀರಾಹುಸೇನನಿಗೆ ಲಹರಿ ಬಂತು. ಒಂದು ಬಕೆಟ್ ನೀರು ತರಿಸಿ ಪರಮಣ್ಣನ ಮುಂದೆ ಇಟ್ಟ. “ಜಿಗಿ ಪರಮಣ್ಣ, ಹೆದರಬ್ಯಾಡ. ಸಾವ್ಕಾರ್ರು ಅದಾರ, ಎತ್ತತಾರ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬ ವಿಡಿಯೋ ಮಾಡಿದ. ಪರಮಣ್ಣನೂ ಸಣ್ಣಗೆ ನಕ್ಕು ಬಕೆಟ್ಟನ್ನೇ ನೋಡುತ್ತ ಕೂತ. ನಾನೇನು ಮಾಡಿದೆ? ನಾನೂ ನಕ್ಕೆ. ಆ ವಿಡಿಯೋ ಈಗಲೂ ಇದೆ. ಅದರಲ್ಲಿ ಎಲ್ಲರಿಗಿಂತ ಜೋರಾಗಿ ಕೇಳುವ ನಗು ನನ್ನದು.

ವಿಮಾನದಲ್ಲಿ ಬರುವಾಗ ಕೇಳಿದೆ: “ಯಾಕ ಹಂಗಂದಿ ಪರಮಣ್ಣ?”

“ಮತ್ತೇನನ್ನಲ್ರಿ? ತಗದಾವ ಹೇಳಂಗಿಲ್ಲ. ಅವ್ರು ಕೇಳಿದ್ರು, ಏನರ ಹೇಳಬೇಕಿತ್ತು.” ಆಮೇಲೆ ಕಿಟಕಿಯ ಕಡೆ ತಿರುಗಿ, “ಉಸುಕ ಇತ್ತ್ರಿ ತಳದಾಗ. ಬೆಳ್ಳಗ. ತರಾಕ ಕೈ ಖಾಲಿ ಇರ್ಲಿಲ್ಲ” ಅಂದ.

ವಿಡಿಯೋ ನಮಗಿಂತ ಮೊದಲೇ ಊರು ಮುಟ್ಟಿತ್ತು. ದೇವದುರ್ಗದಲ್ಲಿ ಚಹಾದಂಗಡಿಯವನು ಪರಮಣ್ಣನಿಗೆ ಲೋಟ ಕೊಡುವಾಗ, ‘ನೋಡು, ಮುಳುಗಿ ಗಿಳುಗಿ ಬಿಟ್ಟೀ’ ಅನ್ನತೊಡಗಿದ. ಬಾವಿಗೆ ಕೊಡ ಬಿದ್ದರೆ, ಪಂಪಿನ ಪೈಪು ಜಾರಿದರೆ ಮೊದಲು ಅವನನ್ನೇ ಕರೆಯುತ್ತಿದ್ದವರು ಬೇರೆಯವರನ್ನು ಕರೆದರು. ಅವನು ಚೀಲ ಹೊರುತ್ತಲೇ ಇದ್ದ. ನಾನು ಗಲ್ಲೆಯ ಮೇಲೆ ಕೂತೇ ಇದ್ದೆ.

ಆಷಾಢದಲ್ಲಿ ಒಂದು ದಿನ ಅವನ ಹೆಂಡತಿ ಬೂದೆಮ್ಮ ಅಂಗಡಿಗೆ ಬಂದಳು. ಅವನು ಲಾರಿಯ ಹತ್ತಿರ ಇದ್ದದ್ದನ್ನು ನೋಡಿಕೊಂಡೇ ಬಂದಿದ್ದಳು. ಮೆಟ್ಟಿಲ ಕೆಳಗೇ ನಿಂತು ಕೇಳಿದಳು: “ಸಾವ್ಕಾರ್ರ, ಒಂದ್ ಮಾತ ಕೇಳಲ್ರಿ? ಖರೇನ ನನ್ನ ಗಂಡ ನೀರಿಗಿ ಹೆದರಿದ್ನ?”

ಅವಳ ಕಣ್ಣು ನನ್ನ ಮುಖದ ಮೇಲೆ. ನನ್ನ ತಲೆಯ ಮೇಲೆ ಆ ಫೋಟೋ. ನನ್ನ ಬಾಯಿಂದ ಬಂದದ್ದು: “ಸಮುದ್ರ ಬ್ಯಾರೆ, ಹೊಳಿ ಬ್ಯಾರೆ, ಬೂದೆಮ್ಮ. ಯಾರಿಗರ ಆಗ್ತದ.”

ಅವಳು ತಲೆಯಾಡಿಸಿದಳು. “ಈ ವರ್ಷ ಬುಟ್ಟಿ ಅವಗ ಇಲ್ಲಂತ್ರಿ. ಹಿರ್ಯಾರು ಕುಂತು ಮಾತಾಡ್ಯಾರ. ಗಡಿಗೆಪ್ಪನ ಅಳಿಯ ಶಿವರಾಜಗ ಕೊಡತಾರಂತ. ನೀರಿಗಿ ಅಂಜಿದಾವ ತಳದ ಉಸುಕ ಮುಟ್ಟಬಾರದಂತ. ನನ್ನ ಗಂಡ ಏನೂ ಅನವಲ್ಲ. ಊಟಾನ ಮಾಡವಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು.

ಆವತ್ತು ಅಂಗಡಿಯನ್ನು ಬೇಗ ಮುಚ್ಚಿದೆ. ಫೋಟೋ ಇಳಿಸಿ ಮನೆಗೆ ಒಯ್ದು ಶರಣಮ್ಮನ ಮುಂದೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ನನ್ನ ಮುಂದ ಹೇಳಿ ಏನ್ ಬಂತ್ರಿ? ನಾ ಬುಟ್ಟಿ ಕೊಡಾಕಿ ಏನು?” ಅಂದು ರೊಟ್ಟಿ ಬಡಿಯಲು ಹೋದಳು.

ಪೂಜೆಯ ದಿನ ಬೆಳಿಗ್ಗೆ ನಾನು ಹೊಳೆಗೆ ಹೋದೆ. ಹೊಸ ನೀರು, ಕೆಂಪಗೆ. ಗಂಗವ್ವನ ಕಲ್ಲಿಗೆ ಅರಿಶಿನ ಹಚ್ಚಿದ್ದರು. ಹಿರಿಯ ಗಡಿಗೆಪ್ಪ ಬುಟ್ಟಿ ಹಿಡಿದು ನಿಂತಿದ್ದ, ಪಕ್ಕದಲ್ಲಿ ಶಿವರಾಜ. ಪರಮಣ್ಣ ಎಲ್ಲರ ಹಿಂದೆ, ಬೇವಿನ ಮರದ ಬುಡದಲ್ಲಿ ಇದ್ದ. ನಾನು ಕಲ್ಲಿನ ಹತ್ತಿರ ನಿಂತು ಗಂಟಲು ಸರಿ ಮಾಡಿಕೊಂಡು ಎಲ್ಲ ಹೇಳಿದೆ. ಗೋಪಮ್ಮನನ್ನು ತಂದದ್ದು ನಾನಲ್ಲ, ಪರಮಣ್ಣ. ಸಮುದ್ರದಲ್ಲಿ ಮುಳುಗಿದ್ದು ಅವನಲ್ಲ, ನಾನು. ನನಗೆ ಈಜು ಬರುವುದಿಲ್ಲ, ಹದಿನೈದು ವರ್ಷ ಸುಳ್ಳು ಹೇಳಿದೆ, ಅಂದೆ.

ಗಡಿಗೆಪ್ಪ ಬುಟ್ಟಿಯನ್ನು ಅಳಿಯನ ಕೈಗೆ ಕೊಟ್ಟು ಎರಡೂ ಕೈ ಎತ್ತಿ ಮುಗಿದ.

“ನೋಡ್ರೆಪಾ, ಸಾವ್ಕಾರ್ರ ಮನಸ! ತಮ್ಮ ಆಳಿನ ಮಾನ ಉಳಸಾಕ ತಮ್ಮ ಹೆಸರ ಕೆಡಿಸ್ಕೊಳ್ಳಾಕತ್ತಾರ. ಇಂಥಾ ಧಣಿ ಎಲ್ಲಿ ಸಿಗತಾನ?”

ಜನ ಚಪ್ಪಾಳೆ ತಟ್ಟಿದರು. ಯಾರೋ ಒಬ್ಬರು ಹೊಸ ಶಾಲು ತಂದು ನನಗೆ ಹೊದಿಸಿಯೇ ಬಿಟ್ಟರು. ನಾನು ಪರಮಣ್ಣನ ಕಡೆ ನೋಡಿದೆ. ‘ಹೇಳೋ ಮಾರಾಯ’ ಎಂದು ಕಣ್ಣಲ್ಲೇ ಬೇಡಿದೆ. ಅವನು ಹೇಗೆ ಹೇಳಿಯಾನು? ಅವನು ನೆಲ ನೋಡಿದ.

ನನಗೆ ತಡೆಯಲಾಗದ ಸಿಟ್ಟು ಬಂತು. ನನ್ನ ಮೇಲೆ, ಆ ಶಾಲಿನ ಮೇಲೆ, ಆ ಚಪ್ಪಾಳೆಯ ಮೇಲೆ. ಸುಳ್ಳನ್ನು ನಂಬಿದ ಜನ ನಿಜವನ್ನು ನಂಬುವುದಿಲ್ಲ ಅಂದರೆ ತೋರಿಸಲು ಇನ್ನೊಂದೇ ದಾರಿ ಉಳಿದಿತ್ತು. ಚಪ್ಪಲಿ ಬಿಟ್ಟೆ. ಹೊಳೆಯ ಕಡೆ ನಡೆದೆ. “ಎಲ್ಲಿಗ್ರಿ ಸಾವ್ಕಾರ್ರ?” ಎಂದು ಯಾರೋ ನಕ್ಕರು. ಮೊಣಕಾಲು, ತೊಡೆ, ಸೊಂಟ. ಎದೆಮಟ್ಟ ಬಂದಾಗ ತಿರುಗಿ ಬರಬೇಕು ಅನ್ನಿಸಿತು, ಬಹಳ ಅನ್ನಿಸಿತು. ಇನ್ನೊಂದು ಹೆಜ್ಜೆ ಇಟ್ಟೆ. ಕಾಲ ಕೆಳಗಿನ ಉಸುಕು ಜಾರಿತು, ಹೊಳೆ ನನ್ನನ್ನು ಎತ್ತಿಕೊಂಡಿತು. ಕೈ ಬಡಿದೆ, ಕಾಲು ಬಡಿದೆ, ಕೂಗಲು ಬಾಯಿ ತೆರೆದು ನೀರು ಕುಡಿದೆ. ಶಾಲು ಕೊರಳಿಗೆ ಸುತ್ತಿತು.

ಯಾರೋ ನನ್ನನ್ನು ಬೆನ್ನ ಮೇಲೆ ಎಳೆದುಕೊಂಡರು. ಆ ಬೆನ್ನು ನನಗೆ ಗುರುತು ಸಿಕ್ಕಿತು. ಪರಮಣ್ಣ ದಂಡೆಗೆ ತಂದು ಬೋರಲು ಮಲಗಿಸಿ ಬೆನ್ನು ಒತ್ತಿದಾಗ ಕೆಂಪು ನೀರು ಹೊರಬಂತು. ತಲೆ ಎತ್ತಿದರೆ ಇಡೀ ಓಣಿ ಸುತ್ತ ನಿಂತಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಡಿಗೆಪ್ಪನಿಗೆ ಈಗ ನನ್ನ ಮುಖ ನೋಡಲಾಗಲಿಲ್ಲ. ಅಳಿಯನ ಕೈಯಿಂದ ಬುಟ್ಟಿ ತೆಗೆದುಕೊಂಡು ಪರಮಣ್ಣನ ಪಕ್ಕ ನೆಲಕ್ಕೆ ಇಟ್ಟ. ಬೂದೆಮ್ಮ ಬಾಯಿಗೆ ಸೆರಗು ಒತ್ತಿ ಅಳುತ್ತಿದ್ದಳು.

ಸುಳ್ಳು ಕಳೆಯಲು ಹೋಗಿಯೂ ನಾನು ಮತ್ತೆ ಅವನ ಬೆನ್ನ ಮೇಲೆಯೇ ಬಂದಿದ್ದೆ. ಅವನು ಬರುತ್ತಾನೆ ಎಂದು ಗೊತ್ತಿದ್ದೇ ಇಳಿದಿದ್ದೆನಲ್ಲ, ಅದೂ ಒಂದು ದಗಲಬಾಜಿಯೇ.

ಪರಮಣ್ಣ ನನ್ನ ಕೊರಳಿಂದ ಶಾಲು ಬಿಡಿಸಿ, ಹಿಂಡಿ, ಕಲ್ಲಿನ ಮೇಲೆ ಹರವಿದ. ಎತ್ತಿದವನು ತಿರುಗಿ ನೋಡಬಾರದು, ಮಾತಾಡಬಾರದು. ಆದರೆ ಆವತ್ತು ಮಾತಾಡಿದ. ಅವನ ದನಿಯಲ್ಲಿ ಸಿಟ್ಟು ಕೇಳಿದ್ದು ನಾನು ಅದೇ ಮೊದಲು.

“ಹದಿನಾಲ್ಕ್ ವರ್ಷ ನಿಮ್ಮ ಅಂಗಡ್ಯಾಗ ಅದೀನ್ರಿ ಸಾವ್ಕಾರ್ರ. ಒಂದ್ ದಿನಾರ ಕೇಳಿದ್ರ ಈಜ ಕಲಸ್ತಿದ್ನಲ್ರೀ.”

ಬುಟ್ಟಿ ಎತ್ತಿಕೊಂಡು ಹರಗೋಲು ಹತ್ತಿ ನಡುಹೊಳೆಗೆ ಹೊರಟ. ಜನರೆಲ್ಲ ನೀರಿನ ಕಡೆ ತಿರುಗಿದರು. ನಾನು ಹೊಳೆಗೆ ಬೆನ್ನು ಮಾಡಿ ಕೂತೆ. ಅವನು ಮುಳುಗುವುದನ್ನು ನೋಡುವ ಮುಖ ನನಗೆ ಇರಲಿಲ್ಲ.